ಪಾಪ ಪುಣ್ಯದ ಲೆಕ್ಕ ಬರೆದ ಪ್ರೋಗ್ರಾಮರ್: ರಿಚರ್ಡ್ ಗ್ಯಾರಿಯಟ್

ಅಲ್ಟಿಮಾ 4 ಎಂಬ ಕಂಪ್ಯೂಟರ್ ಆಟ ಆಡಿದವರು ಅದರ ಗಿಡಮೂಲಿಕೆ ಅಂಗಡಿಯನ್ನು ಮರೆಯುವುದಿಲ್ಲ. ಮಂತ್ರ ಹಾಕಲು ಬೇಕಾದ ಗಂಧಕದ ಬೂದಿ, ಜಿನ್ಸೆಂಗ್, ಬೆಳ್ಳುಳ್ಳಿ, ಜೇಡರ ಬಲೆ ಎಲ್ಲ ಅಲ್ಲಿ ಸಿಗುತ್ತವೆ. ಮಾರುವವಳಿಗೆ ಕಣ್ಣು ಕಾಣದು. ಅವಳು ಬೆಲೆ ಹೇಳುತ್ತಾಳೆ, ಎಷ್ಟು ಕೊಡುತ್ತೀರಿ ಎಂದು ಟೈಪ್ ಮಾಡುವವರು ನೀವು. 20 ನಾಣ್ಯ ಕೊಡಬೇಕಾದ ಕಡೆ 1 ಕೊಟ್ಟರೂ ಸರಕು ನಿಮ್ಮ ಚೀಲಕ್ಕೆ ಬರುತ್ತದೆ. ಬೈಗುಳವಿಲ್ಲ, ಕಾವಲುಗಾರರು ಓಡಿ ಬರುವುದಿಲ್ಲ, ಪರದೆಯ ಮೇಲೆ ಏನೂ ಬದಲಾಗುವುದಿಲ್ಲ. ಆದರೆ ಮೆಮೊರಿಯಲ್ಲಿ ಪ್ರಾಮಾಣಿಕತೆ, ನ್ಯಾಯ, ಗೌರವ ಎಂಬ ಮೂರು ಅಂಕಿಗಳು ತಲಾ 10 ಇಳಿದಿರುತ್ತವೆ. ಅದು ಗೊತ್ತಾಗುವುದು ಎಷ್ಟೋ ಗಂಟೆಗಳ ಆಟದ ನಂತರ, ದೇಗುಲದ ಬಾಗಿಲಲ್ಲಿ.

1985ರಲ್ಲಿ ಇದನ್ನು ಮಾಡಿದವರು ರಿಚರ್ಡ್ ಗ್ಯಾರಿಯಟ್. ಆಟಗಾರನೇ ಒಂದು ಪಾತ್ರವಾಗುವ ಕಂಪ್ಯೂಟರ್ ರೋಲ್ ಪ್ಲೇಯಿಂಗ್ ಆಟಗಳಿಗೆ ಇವರೇ ಮೂಲಪುರುಷ ಎಂದು ಬರೆಯುವವರಿದ್ದಾರೆ. ಅದು ಸರಿಯಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ವಿದ್ಯಾರ್ಥಿಗಳು 1975ರಲ್ಲೇ ಇಂಥ ಆಟಗಳನ್ನು ಬರೆದಿದ್ದರು. ಗ್ಯಾರಿಯಟ್ ಅವರ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಆಟಗಾರ ಮಾಡಿದ್ದನ್ನು ಯಂತ್ರ ನೆನಪಿಟ್ಟುಕೊಳ್ಳಬೇಕು ಎಂಬ ಒಂದೇ ಹಟ ಅವರ ವೃತ್ತಿಯ ಉದ್ದಕ್ಕೂ ಕಾಣುತ್ತದೆ. ಕಿಲೋಬೈಟ್‌ಗಳಲ್ಲಿ ಕೆಲಸ ಮಾಡುವಾಗ ಅದು ಅದ್ಭುತವಾಗಿ ಫಲಿಸಿತು, ಸಾವಿರಾರು ಜನ ಒಟ್ಟಿಗೆ ಆಡಲು ಬಂದಾಗ ಕೈ ಮೀರಿತು.

ಹುಟ್ಟಿದ್ದು 1961ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಬೆಳೆದದ್ದು ಟೆಕ್ಸಸ್‌ನಲ್ಲಿ, ನಾಸಾ ಕೇಂದ್ರದ ಪಕ್ಕದ ಊರಿನಲ್ಲಿ. ತಂದೆ ಓವನ್ ಗ್ಯಾರಿಯಟ್ ಗಗನಯಾತ್ರಿ, 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನಲ್ಲಿದ್ದವರು. ಹೈಸ್ಕೂಲಿನಲ್ಲಿ ಹುಡುಗನಿಗೆ ಸಿಕ್ಕಿದ್ದು ಪರದೆಯೇ ಇಲ್ಲದ ಟೆಲಿಟೈಪ್. ನಕ್ಷೆಯನ್ನು ಅಕ್ಷರ ಮತ್ತು ಚಿಹ್ನೆಗಳಲ್ಲಿ ಕಾಗದದ ಮೇಲೆ ಅಚ್ಚು ಮಾಡಿಸಬೇಕು, ಒಂದು ಹೆಜ್ಜೆ ಇಟ್ಟರೆ ಇಡೀ ನಕ್ಷೆ ಮತ್ತೆ ಅಚ್ಚಾಗಬೇಕು. ಆ ಕಾಲದ ಸಾಮಾನ್ಯ ಟೆಲಿಟೈಪ್ ಸೆಕೆಂಡಿಗೆ ಸುಮಾರು 10 ಅಕ್ಷರ ಹೊಡೆಯುತ್ತಿತ್ತು. ಅಂದರೆ 20 ಸಾಲು, 20 ಕಾಲಂನ ನಕ್ಷೆಗೆ 40 ಸೆಕೆಂಡ್. ಈ ಕಾಗದದ ಆಟಗಳಿಗೆ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಆಟದ ಹೆಸರಿನಲ್ಲಿ, ಡಿ ಅಂಡ್ ಡಿ 1, 2, 3 ಎಂದು ಸಂಖ್ಯೆ ಕೊಡುತ್ತಾ ಹೋದರು. 28ನೆಯದನ್ನು ಆಪಲ್ 2 ಕಂಪ್ಯೂಟರಿಗೆ ಒಗ್ಗಿಸಿದಾಗ ಹುಟ್ಟಿದ್ದು ಅಕಲಬೆತ್, ನೆಲಮಾಳಿಗೆಗಳಿಗೆ ಇಳಿದು ರಾಕ್ಷಸರ ಜತೆ ಹೋರಾಡುವ ಆಟ. 1979ರಲ್ಲಿ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಬೇಸಿಗೆ ಕೆಲಸಕ್ಕಿದ್ದಾಗ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ ಅಲ್ಲೇ ಮಾರಿದರು. ಅದರ ಒಂದು ಪ್ರತಿ ಕ್ಯಾಲಿಫೋರ್ನಿಯಾ ಪೆಸಿಫಿಕ್ ಎಂಬ ಪ್ರಕಾಶಕರ ಕೈಗೆ ಹೋಯಿತು. ಪ್ರತಿಗೆ 5 ಡಾಲರ್‌ನಂತೆ 30,000 ಪ್ರತಿ, ಒಟ್ಟು 1,50,000 ಡಾಲರ್ ಎಂಬುದು ಗ್ಯಾರಿಯಟ್ ಅವರೇ ಹೇಳಿರುವ ಲೆಕ್ಕ.

ಅಕಲಬೆತ್ ಅನ್ನು ಕೋಡ್ ಆಗಿ ಓದಲೇಬೇಕು. ಪೂರ್ತಿ ಆಪಲ್‌ಸಾಫ್ಟ್ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ, ಬೇಸಿಕ್ ಬಲ್ಲವರು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಆರಂಭದಲ್ಲಿ ಆಟ ನಿಮ್ಮ ಅದೃಷ್ಟ ಸಂಖ್ಯೆ ಕೇಳುತ್ತದೆ. ಹೊಸಬರು ಅದನ್ನು ಅಲಂಕಾರ ಎಂದುಕೊಳ್ಳುತ್ತಾರೆ, ಆದರೆ ಇಡೀ ಪ್ರಪಂಚ ನಿಂತಿರುವುದೇ ಅದರ ಮೇಲೆ. ಆಪಲ್‌ಸಾಫ್ಟ್‌ನಲ್ಲಿ ರ‍್ಯಾಂಡಮ್ ಫಂಕ್ಷನ್‌ಗೆ ಋಣ ಸಂಖ್ಯೆ ಕೊಟ್ಟರೆ ಅದು ಬೀಜ, ಅಂದರೆ ಅಂಕಿಗಳ ಸಾಲಿನ ಆರಂಭಬಿಂದು, ಆಗುತ್ತದೆ, ಅಲ್ಲಿಂದ ಮುಂದೆ ಬರುವ ಅಂಕಿಗಳ ಸಾಲು ಪ್ರತಿ ಸಲವೂ ಒಂದೇ. ನೆಲಮಾಳಿಗೆಗೆ ಇಳಿದಾಗಲೆಲ್ಲ ಗ್ಯಾರಿಯಟ್ ಅವರ ಕೋಡ್ ಅದೃಷ್ಟ ಸಂಖ್ಯೆ, ಹೊರ ನಕ್ಷೆಯಲ್ಲಿ ಆ ಜಾಗದ ಅಡ್ಡ ಸ್ಥಾನದ 10 ಪಟ್ಟು, ಉದ್ದ ಸ್ಥಾನದ 1000 ಪಟ್ಟು, ಆಳದ 31.4 ಪಟ್ಟು ಇವನ್ನು ಬೆರೆಸಿ ಬೀಜ ಮಾಡುತ್ತದೆ. ಆ ಬೀಜದಿಂದ 10ಕ್ಕೆ 10ರ ಅಂತಸ್ತು ಮೊದಲಿನಿಂದ ಹುಟ್ಟುತ್ತದೆ. ಯಾವ ಅಂತಸ್ತನ್ನೂ ಡಿಸ್ಕಿನಲ್ಲಿ ಇಟ್ಟಿಲ್ಲ, ಆದರೂ ಮೂರನೇ ಅಂತಸ್ತಿಗೆ ಎಷ್ಟು ಸಲ ಇಳಿದರೂ ಗೋಡೆಗಳು ಇದ್ದಲ್ಲೇ ಇರುತ್ತವೆ.

ಇದಕ್ಕೊಂದು ಬೆಲೆಯಿದೆ. ಅಂತಸ್ತು ಬೀಜದಿಂದ ಮತ್ತೆ ಹುಟ್ಟುವುದರಿಂದ ನೀವು ಅಲ್ಲಿ ಮಾಡಿದ ಬದಲಾವಣೆ ಉಳಿಯುವುದಿಲ್ಲ. ದೋಚಿದ ಪೆಟ್ಟಿಗೆ, ಏಣಿ ಹತ್ತಿ ಇಳಿದು ಬಂದರೆ, ಮತ್ತೆ ಅದೇ ಮೂಲೆಯಲ್ಲಿ ತುಂಬಿ ಕೂತಿರುತ್ತದೆ. ಯಂತ್ರಕ್ಕೆ ಜಾಗ ಗೊತ್ತು, ನೀವು ಮಾಡಿದ್ದು ಗೊತ್ತಿಲ್ಲ. ಮುಂದಿನ ಐದು ವರ್ಷ ಗ್ಯಾರಿಯಟ್ ಬಿಡಿಸುತ್ತಾ ಹೋದದ್ದು ಈ ಗಂಟನ್ನೇ ಎಂಬುದು ನನ್ನ ಓದು.

ನೆಲಮಾಳಿಗೆಯ ಚಿತ್ರದ ಭಾಗ ಇನ್ನೂ ಚಂದ. ಆಪಲ್ 2ರ ಪರದೆಯ ಅಗಲ 280 ಚುಕ್ಕೆ, ಕೆಳಗೆ ನಾಲ್ಕು ಸಾಲು ಅಕ್ಷರಕ್ಕೆ ಬಿಟ್ಟರೆ ಎತ್ತರ 160. ಆಪಲ್‌ಸಾಫ್ಟ್‌ನಲ್ಲಿ ತ್ರಿಕೋನಮಿತಿ ಲೆಕ್ಕ ಬಹಳ ನಿಧಾನ, ಪ್ರತಿ ಹೆಜ್ಜೆಗೂ ಮಾಡಿದರೆ ಆಟ ತೆವಳುತ್ತದೆ. ಆದ್ದರಿಂದ ಆರಂಭದಲ್ಲಿ ಒಂದೇ ಸಲ ಕೋಷ್ಟಕ ತಯಾರಾಗುತ್ತದೆ. ದೂರ 2, 4, 6 ಎಂದು 20ರವರೆಗೆ ಹೋಗುತ್ತದೆ. ಪ್ರತಿ ದೂರಕ್ಕೂ 1 ಭಾಗಿಸು ದೂರದ ಆರ್ಕ್‌ಟ್ಯಾಂಜೆಂಟ್ (ಅನುಪಾತದಿಂದ ಕೋನ ಕೊಡುವ ಲೆಕ್ಕ) ತೆಗೆದು, 1ರ ಆರ್ಕ್‌ಟ್ಯಾಂಜೆಂಟ್‌ನಿಂದ ಭಾಗಿಸಿ, 140ರಿಂದ ಗುಣಿಸುತ್ತಾರೆ. ಪರದೆಯ ನಡುವಿನಿಂದ ಗೋಡೆಯ ಅಂಚಿಗೆ ಇರುವ ದೂರ ಹೀಗೆ ಸಿಗುತ್ತದೆ: ಕಾಲ ಬಳಿ 139, ಆಮೇಲೆ 83, 44, 29, 22. ಎತ್ತರಕ್ಕೆ ಬೇರೆ ಲೆಕ್ಕವೇ ಇಲ್ಲ, ಅಗಲದ 4/7 ಭಾಗ ಸಾಕು, ಯಾಕೆಂದರೆ 140ರ 4/7 ಸರಿಯಾಗಿ 80. ಕಾರಿಡಾರ್ ಬಿಡಿಸುವಾಗ ಉಳಿಯುವ ಕೆಲಸ ಕೋಷ್ಟಕದಿಂದ ಎರಡು ಅಂಕಿ ಎತ್ತಿ ಗೆರೆ ಎಳೆಯುವುದು ಮಾತ್ರ.

ಆಟದ ಲೆಕ್ಕಾಚಾರವೂ ಅಷ್ಟೇ ಬಿಗಿ. ಹೊರಗೆ ಒಂದು ಹೆಜ್ಜೆಗೆ 1 ಆಹಾರ ಖರ್ಚು, ನೆಲಮಾಳಿಗೆಯಲ್ಲಿ 0.1. ಆಹಾರ ಸೊನ್ನೆಗಿಂತ ಕೆಳಗಿಳಿದ ಕ್ಷಣ ಸಾವು. ಹೊಸಬರು ಹೆಚ್ಚಾಗಿ ಸಾಯುವುದು ರಾಕ್ಷಸರ ಕೈಯಲ್ಲಲ್ಲ, ಊರಿಗೆ ವಾಪಸಾಗುವ ದಾರಿಯಲ್ಲಿ ಹಸಿವಿನಿಂದ. ಗ್ರೆಮ್ಲಿನ್ ಮುಟ್ಟಿದರೆ ಆಹಾರ ಅರ್ಧವಾಗುತ್ತದೆ. ರಾಕ್ಷಸರನ್ನು ಕೊಂದ ಪ್ರತಿಫಲ ತಕ್ಷಣ ಸಿಗುವುದಿಲ್ಲ: ರಾಕ್ಷಸನ ಕ್ರಮಸಂಖ್ಯೆಯನ್ನು ಆಳದಿಂದ ಗುಣಿಸಿ ಅರ್ಧ ಮಾಡಿದ ಮೊತ್ತ ಪಕ್ಕದಲ್ಲಿ ಜಮೆಯಾಗುತ್ತಾ ಹೋಗುತ್ತದೆ, ಬದುಕಿ ಮೇಲೆ ಹತ್ತಿ ಬಂದರಷ್ಟೇ ಅದು ಪ್ರಾಣಶಕ್ತಿಗೆ ಸೇರುತ್ತದೆ. ಇನ್ನೂ ಒಂದು ಅಂತಸ್ತು ಇಳಿಯಲೇ, ಹತ್ತಿಬಿಡಲೇ ಎಂಬ ಒಳತೋಟಿ ಹುಟ್ಟುವುದು ಇಲ್ಲಿಂದ. ತೂಕ ತಪ್ಪಿರುವುದು ಮಾಯಾ ತಾಯಿತದಲ್ಲಿ. ಅದು ಕೆಲವೊಮ್ಮೆ ನಿಮ್ಮನ್ನು ಕಪ್ಪೆ ಮಾಡಿ ಗುಣಗಳನ್ನೆಲ್ಲ 3ಕ್ಕೆ ಇಳಿಸುತ್ತದೆ, ಕೆಲವೊಮ್ಮೆ ಹಲ್ಲಿಮನುಷ್ಯನನ್ನಾಗಿ ಮಾಡಿ 2.5 ಪಟ್ಟು ಏರಿಸುತ್ತದೆ. ಈ ಗುಣಾಕಾರಕ್ಕೆ ಮೇಲ್ಮಿತಿ ಇಟ್ಟಿಲ್ಲ, ಎರಡು ಮೂರು ಸಲ ಹಲ್ಲಿಯಾದವರಿಗೆ ಆಟದಲ್ಲಿ ಎದುರಾಳಿಯೇ ಉಳಿಯುವುದಿಲ್ಲ.

1981ರ ಮೊದಲ ಅಲ್ಟಿಮಾದಲ್ಲಿ ಗೆಳೆಯ ಕೆನ್ ಆರ್ನಾಲ್ಡ್, ಯಂತ್ರಕ್ಕೆ ಹತ್ತಿರದ ವೇಗದ ಭಾಷೆಯಾದ ಅಸೆಂಬ್ಲಿಯಲ್ಲಿ, ಟೈಲ್ ಚಿತ್ರಗಳ ಭಾಗ ಬರೆದರು. ಹೊರಪ್ರಪಂಚಕ್ಕೆ ಬಣ್ಣದ ಚೌಕಗಳು ಬಂದದ್ದು ಹಾಗೆ. 1982ರ ಎರಡನೆಯದನ್ನು ಗ್ಯಾರಿಯಟ್ ಪೂರ್ತಿ ಅಸೆಂಬ್ಲಿಯಲ್ಲಿ ಬರೆದರು, ಪ್ರಕಟಿಸಿದ್ದು ಸಿಯೆರಾ ಆನ್‌ಲೈನ್. ಡಬ್ಬಿಯಲ್ಲಿ ಬಟ್ಟೆಯ ನಕ್ಷೆ ಕೊಡಬೇಕೆಂದು ಪಟ್ಟು ಹಿಡಿದದ್ದು ಆಗಲೇ. ಆಟವಾಗಿ ಅದು ಸಡಿಲ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಯಧನದ ವಿಷಯದಲ್ಲಿ ಪ್ರಕಾಶಕರ ಜತೆ ಮನಸ್ತಾಪವಾಗಿ, 1983ರಲ್ಲಿ ಅಣ್ಣ ರಾಬರ್ಟ್, ತಂದೆ, ಗೆಳೆಯ ಚಕ್ ಬೂಚೆ ಜತೆ ಸೇರಿ ಒರಿಜಿನ್ ಸಿಸ್ಟಮ್ಸ್ ಕಟ್ಟಿದರು. ಮೂರನೇ ಅಲ್ಟಿಮಾದಲ್ಲಿ ನಾಲ್ವರ ತಂಡ, ಯುದ್ಧಕ್ಕೆ ಬೇರೆ ಪರದೆ, ಮರ ಬೆಟ್ಟ ಅಡ್ಡ ಬಂದರೆ ಆಚೆ ಕಾಣದ ನೋಟ ಎಲ್ಲವೂ ಬಂದವು.

ಸ್ವಂತ ಕಂಪನಿಯಾದ ಮೇಲೆ ಆಟಗಾರರ ಪತ್ರಗಳು ಮೊದಲ ಬಾರಿ ನೇರವಾಗಿ ಕೈಸೇರಿದವು. ಊರವರನ್ನೆಲ್ಲ ಕೊಂದು, ಅಂಗಡಿ ದೋಚಿ ಗೆದ್ದೆವು ಎಂದು ಹುಡುಗರು ಬರೆದಿದ್ದರು. ಆಟ ಸೈತಾನನ ಕೆಲಸ ಎಂದು ಹರಿಹಾಯ್ದ ಪೋಷಕರೂ ಇದ್ದರು. ಗ್ಯಾರಿಯಟ್ ತಮ್ಮ ಆಟಗಳನ್ನು ಹಿಂತಿರುಗಿ ನೋಡಿದಾಗ ಕಂಡದ್ದು, ಅವು ಕಳ್ಳತನಕ್ಕೆ ಬಹುಮಾನ ಕೊಡುತ್ತಿವೆ ಎಂಬುದು. ಉತ್ತರವಾಗಿ ಬಂದ ನಾಲ್ಕನೇ ಅಲ್ಟಿಮಾದಲ್ಲಿ ಕೊಲ್ಲಬೇಕಾದ ಖಳನೇ ಇಲ್ಲ. ಎಂಟು ಸದ್ಗುಣಗಳಲ್ಲಿ ಪೂರ್ಣರಾಗಿ 'ಅವತಾರ' ಆಗುವುದೇ ಗುರಿ. ಪದ ನಮ್ಮ ಪುರಾಣಗಳದ್ದು, ದೇಗುಲಗಳಲ್ಲಿ ಜಪಿಸುವ ಎಂಟು ಮಂತ್ರಗಳಲ್ಲಿ ಒಂದು 'ಓಂ'.

ಎಂಟು ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಮೂಲತತ್ವಗಳು ಮೂರು: ಸತ್ಯ, ಪ್ರೀತಿ, ಧೈರ್ಯ. ಒಂದೊಂದೂ ಇದೆ ಅಥವಾ ಇಲ್ಲ ಎಂದರೆ ಮೂರು ಬಿಟ್, ಎಂಟು ಜೋಡಣೆ. ಸತ್ಯ ಮಾತ್ರವಾದರೆ ಪ್ರಾಮಾಣಿಕತೆ, ಪ್ರೀತಿ ಮಾತ್ರವಾದರೆ ಕರುಣೆ, ಧೈರ್ಯ ಮಾತ್ರವಾದರೆ ಶೌರ್ಯ. ಸತ್ಯ ಪ್ರೀತಿ ಸೇರಿ ನ್ಯಾಯ, ಪ್ರೀತಿ ಧೈರ್ಯ ಸೇರಿ ತ್ಯಾಗ, ಸತ್ಯ ಧೈರ್ಯ ಸೇರಿ ಗೌರವ. ಮೂರೂ ಇದ್ದರೆ ಆಧ್ಯಾತ್ಮ. ಮೂರೂ ಇಲ್ಲದ ಸೊನ್ನೆಯ ಜಾಗಕ್ಕೆ ವಿನಯವನ್ನು ಇಟ್ಟಿದ್ದಾರೆ, ಅದನ್ನು ಎಷ್ಟು ಹೊಗಳಿದರೂ ಸಾಲದು. ಆರಂಭದಲ್ಲಿ ಜಿಪ್ಸಿ ಹೆಂಗಸು ಎರಡೆರಡು ಗುಣಗಳನ್ನು ಎದುರುಬದುರು ಇಟ್ಟು ಧರ್ಮಸಂಕಟದ ಪ್ರಶ್ನೆ ಕೇಳುತ್ತಾಳೆ. ಎಂಟರಲ್ಲಿ ಎರಡರ ಜೋಡಿಗಳು 28, ಅಷ್ಟೂ ಪ್ರಶ್ನೆಗಳನ್ನು ಬರೆದಿಟ್ಟಿದ್ದಾರೆ. ಆದರೆ ನಡೆಯುವುದು ನಾಕೌಟ್ ಪಂದ್ಯಾವಳಿ: ನಾಲ್ಕು, ಎರಡು, ಒಂದು, ಒಟ್ಟು ಏಳೇ ಪ್ರಶ್ನೆ. ಗೆದ್ದ ಗುಣ ನಿಮ್ಮ ಪಾತ್ರವನ್ನು ನಿರ್ಧರಿಸುತ್ತದೆ. ವಿನಯ ಗೆದ್ದರೆ ಕುರುಬರಾಗುತ್ತೀರಿ, ಆಟದ ಅತಿ ಕಷ್ಟದ ಆರಂಭ ಅದೇ.

ಚಿತ್ರಗುಪ್ತನ ಕಡತ ಇಲ್ಲಿ ಎಂಟೇ ಅಂಕಿ. ಪ್ರತಿಯೊಂದೂ ಸುಮಾರು 50ರಿಂದ ಶುರುವಾಗಿ 99ರವರೆಗೆ ಏರುತ್ತದೆ. ಭಿಕ್ಷುಕರಿಗೆ ಕೊಟ್ಟರೆ ಕರುಣೆ 2 ಏರುತ್ತದೆ. ಚಿಕಿತ್ಸಾಲಯದಲ್ಲಿ ರಕ್ತದಾನ ಮಾಡಿದರೆ ತ್ಯಾಗ 5 ಏರುತ್ತದೆ, ಆದರೆ 100 ಪ್ರಾಣಶಕ್ತಿ ಹೋಗುತ್ತದೆ. ದುಷ್ಟರ ಎದುರಿನಿಂದ ಓಡಿಹೋದರೆ ಶೌರ್ಯ 2 ಇಳಿಯುತ್ತದೆ. ಊರಿನಲ್ಲಿ ಬೇರೆಯವರ ಪೆಟ್ಟಿಗೆ ತೆರೆದರೆ ಪ್ರಾಮಾಣಿಕತೆ, ನ್ಯಾಯ, ಗೌರವ ತಲಾ 1 ಇಳಿಯುತ್ತವೆ. ಮಾತಿನಲ್ಲಿ ಜಂಬ ಕೊಚ್ಚಿದರೆ ವಿನಯ 5 ಇಳಿಯುತ್ತದೆ, ತಗ್ಗಿ ಉತ್ತರಿಸಿದರೆ 10 ಏರುತ್ತದೆ. ಹಾವು, ಇಲಿ, ಜೇಡ ದುಷ್ಟರಲ್ಲ, ಅವು ಬೆನ್ನು ತೋರಿಸಿದಾಗ ಬಿಟ್ಟುಬಿಡಬೇಕು. ತುಂಬ ಜನ ಎಡವುವುದು ಇಲ್ಲೇ, ಯಾಕೆಂದರೆ ಹಿಂದಿನ ಮೂರೂ ಆಟಗಳು ಕಣ್ಣಿಗೆ ಬಿದ್ದದ್ದನ್ನೆಲ್ಲ ಕೊಲ್ಲು ಎಂದು ಕಲಿಸಿದ್ದವು.

ಭಿಕ್ಷುಕನ ಮುಂದೆ ನಿಂತು ಇಪ್ಪತ್ತೈದು ಸಲ ಒಂದೊಂದು ನಾಣ್ಯ ಹಾಕಿ ಕರುಣಾಮಯಿ ಆಗಿಬಿಡಬಹುದಲ್ಲ ಎನ್ನುವವರಿಗೂ ಕೋಡ್‌ನಲ್ಲಿ ಉತ್ತರವಿದೆ. ದಾನ, ಸರಿಯಾದ ಬೆಲೆ ಕೊಡುವುದು, ಧ್ಯಾನ ಮುಂತಾದ ಸುಲಭ ಪುಣ್ಯಗಳಿಗೆ ಕಾಲದ ಕಟ್ಟು ಹಾಕಿದ್ದಾರೆ. ಒಟ್ಟು ಹೆಜ್ಜೆಗಳನ್ನು 16ರಿಂದ ಭಾಗಿಸಿ, ಹಿಂದಿನ ಪುಣ್ಯದ ಹೊತ್ತಿನ ಭಾಗಲಬ್ಧದ ಜತೆ ಹೋಲಿಸುತ್ತದೆ ಆಟ. ಎರಡೂ ಒಂದೇ ಆದರೆ ಹೊಸ ಪುಣ್ಯ ಲೆಕ್ಕಕ್ಕಿಲ್ಲ. ಪಾಪಕ್ಕೆ ಈ ಕಟ್ಟು ಇಲ್ಲ, ಎಷ್ಟು ಸಲ ಮಾಡಿದರೂ ಅಷ್ಟು ಸಲ ಇಳಿಯುತ್ತದೆ.

ಒಂದು ಗುಣ 99 ಮುಟ್ಟಿದಾಗ ಅದರ ರೂನ್, ಅಂದರೆ ಆ ಗುಣದ ಗುರುತಿನ ಕಲ್ಲು, ಹಿಡಿದು ದೇಗುಲಕ್ಕೆ ಹೋಗಿ, ಮೂರು ಆವರ್ತನ ಧ್ಯಾನ ಮಾಡಿ, ಪ್ರತಿ ಸಲವೂ ಸರಿಯಾದ ಮಂತ್ರ ಟೈಪ್ ಮಾಡಬೇಕು. ತಪ್ಪು ಮಂತ್ರಕ್ಕೆ ಆಧ್ಯಾತ್ಮ 3 ಇಳಿಯುತ್ತದೆ. ಸರಿಯಾದರೆ ಆ ಗುಣದ ಅಂಕಿ 0 ಆಗುತ್ತದೆ, ಮತ್ತು 0 ಎಂದರೆ 'ಸಿದ್ಧಿಸಿದೆ' ಎಂದು ಅರ್ಥ. ಸಿದ್ಧಿಯ ಗುರುತಿಗೆ ಬೇರೆ ಫ್ಲ್ಯಾಗ್ ಇಟ್ಟು ಒಂದು ಬಿಟ್ ಕೂಡ ವ್ಯರ್ಥ ಮಾಡಿಲ್ಲ. ಸಿದ್ಧಿಯಾದ ಮೇಲೆ ಆ ಗುಣಕ್ಕೆ ವಿರುದ್ಧ ನಡೆದರೆ ಅಂಕಿ ಮತ್ತೆ 99ಕ್ಕೆ ಹೋಗಿ ಅಲ್ಲಿಂದ ಕಡಿತವಾಗುತ್ತದೆ, ಅವತಾರದ ಎಂಟನೇ ಒಂದು ಭಾಗ ಕಳೆದುಕೊಂಡೆ ಎಂದು ಪರದೆ ಹೇಳುತ್ತದೆ. ಅಂಗಡಿಯಲ್ಲಿ ಒಂದೇ ಒಂದು ಮೋಸ ಮೂರು ಸಿದ್ಧಿಗಳನ್ನು ಒಟ್ಟಿಗೆ ಕಸಿಯಬಲ್ಲದು.

ನಕ್ಷೆಯದ್ದು ಬೇರೆಯೇ ತಲೆನೋವು. 256ಕ್ಕೆ 256 ಚೌಕ, ಚೌಕಕ್ಕೊಂದು ಬೈಟ್ ಎಂದರೆ ಸರಿಯಾಗಿ 64 ಕೆಬಿ, ಆಪಲ್ 2ರ ಒಟ್ಟು ಮೆಮೊರಿಯಷ್ಟು. ಆದ್ದರಿಂದ ನಕ್ಷೆಯನ್ನು ತುಂಡು ಮಾಡಿ, ನಡೆದಂತೆಲ್ಲ ಡಿಸ್ಕಿನಿಂದ ತರಿಸಿಕೊಳ್ಳಬೇಕಿತ್ತು. ಪಿಸಿ ಆವೃತ್ತಿಯಲ್ಲಿ ತುಂಡು 32ಕ್ಕೆ 32. ಮಾತುಕತೆಯ ಫೈಲುಗಳೂ ಅಷ್ಟೇ ಅಚ್ಚುಕಟ್ಟು: ಪಿಸಿಯಲ್ಲಿ ಊರಿಗೆ 16 ಜನ, ತಲೆಗೆ 288 ಬೈಟ್, ಒಟ್ಟು 4608. ಆ 288ರಲ್ಲೇ ಹೆಸರು, ಚಹರೆ, ಕೆಲಸ, ಆರೋಗ್ಯ, ಎರಡು ಸ್ವಂತ ಕೀಲಿಪದ, ಅವರು ನಿಮಗೆ ಕೇಳುವ ಒಂದು ಪ್ರಶ್ನೆ ಎಲ್ಲ ಅಡಗಬೇಕು. ಪದದ ಮೊದಲ ನಾಲ್ಕು ಅಕ್ಷರ ಹೊಂದಿದರೆ ಸಾಕು. ಒಬ್ಬರು ಹೇಳಿದ ಪದವನ್ನು ಇನ್ನೊಂದು ಊರಿನವರ ಬಳಿ ಕೇಳಬೇಕಾದ ಸಂದರ್ಭಗಳು ಬೇಕಾದಷ್ಟಿವೆ, ಪಕ್ಕದಲ್ಲಿ ನೋಟ್‌ಬುಕ್ ಇಲ್ಲದೆ ಆಡಬೇಡಿ.

1988ರ ಐದನೆಯದರಲ್ಲಿ ಊರವರಿಗೆ ದಿನಚರಿ ಬಂತು, ಬೆಳಿಗ್ಗೆ ಕೆಲಸ, ರಾತ್ರಿ ನಿದ್ದೆ. ಆಮೇಲೆ ತಂಡಗಳು ದೊಡ್ಡದಾದವು, ಗ್ಯಾರಿಯಟ್ ಕೋಡ್ ಬಿಟ್ಟು ವಿನ್ಯಾಸದ ಕಡೆಗೆ ಸರಿದರು. 1992ರ ಏಳನೆಯದರಲ್ಲಿ ಹಿಟ್ಟು, ನೀರು ಸೇರಿಸಿ ಒಲೆಯಲ್ಲಿ ಬ್ರೆಡ್ ಸುಡಬಹುದಿತ್ತು. ಆ ಆಟ ಅನೇಕರ ಪಿಸಿಯಲ್ಲಿ ಏಳಲೇ ಇಲ್ಲ, ಕಾರಣ 'ವೂಡೂ' ಎಂಬ ಅದರ ಮೆಮೊರಿ ವ್ಯವಸ್ಥೆ. ಆಗಿನ ಪಿಸಿಗಳ ಕಾರ್ಯಾಚರಣಾ ವ್ಯವಸ್ಥೆ ಡಾಸ್ ನಡೆಯುವ, ರಿಯಲ್ ಮೋಡ್ ಎಂಬ ಪ್ರೊಸೆಸರ್ ಸ್ಥಿತಿಯಲ್ಲಿ ಒಂದು ಮೆಮೊರಿ ತುಂಡಿನ (ಸೆಗ್ಮೆಂಟ್) ಮಿತಿ 64 ಕೆಬಿ. ವೂಡೂ ಕ್ಷಣಕಾಲ ಹೆಚ್ಚು ಮೆಮೊರಿ ತಲುಪಬಲ್ಲ ಪ್ರೊಟೆಕ್ಟೆಡ್ ಮೋಡ್‌ಗೆ ಹಾರಿ, ಆ ಮಿತಿಯನ್ನು 4 ಜಿಬಿಗೆ ಏರಿಸಿ ವಾಪಸಾಗುತ್ತದೆ, ಪ್ರೊಸೆಸರ್ ಹೊಸ ಮಿತಿಯನ್ನು ಹಾಗೇ ಉಳಿಸಿಕೊಳ್ಳುತ್ತದೆ. ಆದರೆ ಇಎಂಎಂ386 ಎಂಬ ಮೆಮೊರಿ ನಿರ್ವಹಣೆಯ ತಂತ್ರಾಂಶ ಓಡುತ್ತಿದ್ದರೆ ಪ್ರೊಸೆಸರ್ ಆಗಲೇ ವರ್ಚುವಲ್ 8086 ಮೋಡ್‌ನಲ್ಲಿರುತ್ತದೆ, ಅಲ್ಲಿಂದ ಹಾಗೆ ಹಾರಲು ಬಿಡುವುದಿಲ್ಲ. ಆ ಕಾಲದವರು ಇದಕ್ಕೆಂದೇ ಬೇರೆ ಬೂಟ್ ಫ್ಲಾಪಿ ಮಾಡಿಕೊಳ್ಳುತ್ತಿದ್ದರು. ಅದೇ ವರ್ಷ ದೊಡ್ಡ ಆಟ ಪ್ರಕಾಶನ ಕಂಪನಿ ಎಲೆಕ್ಟ್ರಾನಿಕ್ ಆರ್ಟ್ಸ್ ಒರಿಜಿನ್ ಅನ್ನು ಕೊಂಡಿತು. ಎಂಟನೆಯದು ಆತುರದಲ್ಲಿ, ಒಂಬತ್ತನೆಯದು ದೋಷಗಳೊಡನೆ ಹೊರಬಂದವು.

1997ರ ಸೆಪ್ಟೆಂಬರ್‌ನಲ್ಲಿ, ಸಾವಿರಾರು ಜನ ಇಂಟರ್ನೆಟ್‌ನಲ್ಲಿ ಒಟ್ಟಿಗೆ ಆಡುವ ಅಲ್ಟಿಮಾ ಆನ್‌ಲೈನ್ ಬಂತು. ಮುಖ್ಯ ವಿನ್ಯಾಸಕ ರಾಫ್ ಕಾಸ್ಟರ್, ನಿರ್ಮಾಪಕ ಸ್ಟಾರ್ ಲಾಂಗ್. ಹುಲ್ಲನ್ನು ಮೊಲ, ಮೊಲವನ್ನು ತೋಳ ತಿನ್ನುವ ಜೀವಜಾಲವನ್ನು ಅದಕ್ಕಾಗಿ ಕಟ್ಟಿದ್ದರು. ಜನ ನುಗ್ಗಿದ ರಭಸಕ್ಕೆ ಮೊಲವೂ ಉಳಿಯಲಿಲ್ಲ, ತೋಳವೂ ಉಳಿಯಲಿಲ್ಲ. ಹುಟ್ಟುವ ವೇಗಕ್ಕಿಂತ ಕೊಲ್ಲುವ ವೇಗ ಹೆಚ್ಚಿತ್ತು, ಜತೆಗೆ ಪ್ರತಿ ಪ್ರಾಣಿಯೂ ಸುತ್ತಮುತ್ತ ಆಹಾರ ಹುಡುಕುವ ಲೆಕ್ಕ ಸರ್ವರ್‌ಗಳಿಗೆ ಭಾರವಾಯಿತು. ಅದನ್ನು ಕಿತ್ತುಹಾಕಿದರು. ಸಂಪನ್ಮೂಲದ ಒಟ್ಟು ಮೊತ್ತ ಬದಲಾಗದಂತೆ ಮಾಡಿದ್ದ ಆರ್ಥಿಕತೆಯೂ ನಿಲ್ಲಲಿಲ್ಲ. ಆಟಗಾರರು ಸರಕನ್ನು ಮನೆಯಲ್ಲಿ ಪೇರಿಸಿಟ್ಟರು, ಪೇರಿಸಿಟ್ಟದ್ದು ಚಲಾವಣೆಗೆ ಬರಲಿಲ್ಲ, ಹೊಸದು ಹುಟ್ಟಲು ಕಚ್ಚಾವಸ್ತುವೇ ಉಳಿಯಲಿಲ್ಲ. ಬಿಡುಗಡೆಗೆ ಮುಂಚೆ, ಆಗಸ್ಟ್‌ನ ಪರೀಕ್ಷಾ ಕೂಟದಲ್ಲಿ, ಗ್ಯಾರಿಯಟ್ ಅವರ ರಾಜನ ಪಾತ್ರ ಲಾರ್ಡ್ ಬ್ರಿಟಿಷ್ ಕೂಡ ಸತ್ತ. ಸರ್ವರ್ ಕುಸಿದು ಎದ್ದಿತ್ತು, ಅಭೇದ್ಯತೆಯನ್ನು ಮತ್ತೆ ಚಾಲೂ ಮಾಡಿರಲಿಲ್ಲ, ಒಬ್ಬ ಆಟಗಾರ ಬೆಂಕಿಯ ಮಂತ್ರ ಎಸೆದ.

ಊರ ಹೊರಗೆ ಹೊಂಚು ಹಾಕಿ ಹೊಸಬರನ್ನು ಕೊಲ್ಲುವವರ ಕಾಟಕ್ಕೆ ಕೀರ್ತಿ ಅಪಕೀರ್ತಿಯ ಅಂಕಿಗಳನ್ನು ಮತ್ತೆ ಮತ್ತೆ ತಿದ್ದಿದರು. ನಾಲ್ಕನೇ ಅಲ್ಟಿಮಾದಲ್ಲಿ ಆ ಅಂಕಿಗಳು ನಾಟಿದ್ದು ಅವು ಕಾಣದಿದ್ದುದರಿಂದ, ಮತ್ತು ಗೆಲುವೇ ಅವುಗಳ ಮೇಲೆ ನಿಂತಿದ್ದರಿಂದ. ಇಲ್ಲಿ ಗೆಲುವು ಎಂಬುದೇ ಇಲ್ಲ. ಅಂಕಿ ಇಳಿದರೆ ಇನ್ನೊಂದು ಪಾತ್ರ ಮಾಡಿಕೊಂಡರಾಯಿತು. ಕೊನೆಗೆ 2000ದಲ್ಲಿ ಪ್ರಪಂಚವನ್ನೇ ಎರಡು ಮಾಡಿ, ಒಂದರಲ್ಲಿ ಒಪ್ಪಿಗೆಯಿಲ್ಲದೆ ಯಾರೂ ಯಾರನ್ನೂ ಹೊಡೆಯಲಾಗದಂತೆ ಬೀಗ ಹಾಕಿದರು. ಆಟ ಉಳಿಯಲು ಅದು ಬೇಕಿತ್ತು. ಆದರೆ ತಪ್ಪು ಮಾಡುವ ಅವಕಾಶವನ್ನೇ ತೆಗೆದ ಕಡೆ ಸದ್ಗುಣಕ್ಕೆ ಕೆಲಸವಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ.

ಅದೇ ವರ್ಷ ಗ್ಯಾರಿಯಟ್ ಎಲೆಕ್ಟ್ರಾನಿಕ್ ಆರ್ಟ್ಸ್ ಬಿಟ್ಟರು. ಕೊರಿಯದ ಎನ್‌ಸಿಸಾಫ್ಟ್ ಕಂಪನಿಗೆ ಮಾಡಿದ ಆನ್‌ಲೈನ್ ಆಟ ಟ್ಯಾಬ್ಯುಲಾ ರಾಸಾ 2007ರಲ್ಲಿ ಬಂದು 2009ರ ಫೆಬ್ರವರಿಯಲ್ಲಿ ಮುಚ್ಚಿತು. ನಡುವೆ 2008ರ ಅಕ್ಟೋಬರ್‌ನಲ್ಲಿ, ತಮ್ಮದೇ ಹಣದಲ್ಲಿ, ರಷ್ಯಾದ ಸೊಯುಜ್ ನೌಕೆಯಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದರು. 2013ರಲ್ಲಿ ಕಿಕ್‌ಸ್ಟಾರ್ಟರ್ ತಾಣದಲ್ಲಿ ಜನರಿಂದ ಹಣ ಎತ್ತಿದ ಆಟ ಶ್ರೌಡ್ ಆಫ್ ದಿ ಅವತಾರ್ 2018ರಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಹಳೆಯ ಬಿಗಿ ಇಲ್ಲ.

ಆಡಿ ನೋಡಬೇಕೆನ್ನುವವರಿಗೆ: ಅಕಲಬೆತ್ ಮತ್ತು ಅಲ್ಟಿಮಾ 4 ಎರಡೂ ಆಟಗಳನ್ನು ಮಾರುವ ಗಾಗ್ (GOG) ತಾಣದಲ್ಲಿ ಉಚಿತ. ನಾಲ್ಕನೆಯದಕ್ಕೆ ಎಕ್ಸ್‌ಯು4 ಎಂಬ ಮುಕ್ತ ಆವೃತ್ತಿಯಿದೆ, ಮೇಲಿನ ಪಾಪ ಪುಣ್ಯದ ಅಂಕಿಗಳನ್ನು ಅದರ ಸೋರ್ಸ್‌ನಲ್ಲಿ ನೇರವಾಗಿ ಓದಬಹುದು. ಏಳನೆಯದನ್ನು ಈಗಿನ ಕಂಪ್ಯೂಟರುಗಳಲ್ಲಿ ನಡೆಸುವ ಎಕ್ಸಲ್ಟ್ ತಂತ್ರಾಂಶದಲ್ಲಿ ಆಡಿದರೆ ವೂಡೂ ತೊಂದರೆಯೇ ಬರುವುದಿಲ್ಲ, ಆದರೆ ಮೂಲ ಆಟದ ಫೈಲುಗಳು ಬೇಕಾಗುತ್ತವೆ. ನಾಲ್ಕನೆಯದರಲ್ಲಿ ಲಾರ್ಡ್ ಬ್ರಿಟಿಷ್‌ನ ಕೋಟೆಗೆ ಆಗಾಗ ಹೋಗಿ ಹಾಕ್‌ವಿಂಡ್ ಎಂಬ ಜ್ಞಾನಿಯನ್ನು ಕಾಣಿ. ಯಾವ ಗುಣ ಎಷ್ಟು ದೂರ ಬಂದಿದೆ ಎಂದು ಸೂಚ್ಯವಾಗಿ ಹೇಳುವವನು ಅವನೊಬ್ಬನೇ, ಮಾತಾಡಿಸಿದ್ದಕ್ಕೆ ಆಧ್ಯಾತ್ಮವೂ 3 ಏರುತ್ತದೆ.